ಜಡಿ ಬಿಟ್ಟ ತಲೆ: ಹೇನೋ, ಹೊಟ್ಟೋ, ದೇವಿಯ ಕರೆಯೋ?

ಶಾಲೆಗೆ ಹೊರಟ ಮಗಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ತಾಯಿ ತಲೆ ಬಾಚುವುದು ನಮ್ಮ ಹಳ್ಳಿಗಳಲ್ಲಿ ದಿನವೂ ಕಾಣುವ ನೋಟ. ಹಣಿಗೆ ನೆತ್ತಿಯಿಂದ ಇಳಿಯುತ್ತ ಬಂದು ಹೆಡಕಿನ ಹತ್ತಿರ ಸಿಕ್ಕಿಕೊಳ್ಳುತ್ತದೆ. ಎಳೆದರೆ ಹುಡುಗಿ ಚೀರುತ್ತಾಳೆ. ಬೆರಳಾಡಿಸಿ ನೋಡಿದರೆ ಅಡಿಕೆಯಷ್ಟು ದಪ್ಪದ ಒಂದು ಗಂಟು. ಬೇರೆ ಕಡೆಯಾದರೆ ತಾಯಿ ಮಗಳಿಗೆ ನಾಲ್ಕು ಮಾತು ಬೈದು, ಎಣ್ಣೆ ಹಚ್ಚಿ ಬಿಡಿಸುತ್ತಾಳೆ. ಬಿಡದಿದ್ದರೆ ಕತ್ತರಿ ಹಾಕುತ್ತಾಳೆ. ಮಾತು ಅಲ್ಲಿಗೆ ಮುಗಿಯಿತು.

ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಎಷ್ಟೋ ಮನೆಗಳಲ್ಲಿ ಒಂದು ತಲೆಮಾರಿನ ಹಿಂದಿನವರೆಗೂ ಮಾತು ಅಲ್ಲಿಗೆ ಮುಗಿಯುತ್ತಿರಲಿಲ್ಲ, ಅಲ್ಲಿಂದ ಸುರುವಾಗುತ್ತಿತ್ತು. "ಕತ್ತರಿ ಹಚ್ಚಬ್ಯಾಡ ಯವ್ವಾ, ಎಲ್ಲವ್ವ ಜಡಿ ಬಿಟ್ಟಾಳ" ಎಂದು ಮನೆಯ ಹಿರಿಯಳು ಹೇಳಿಬಿಟ್ಟರೆ ತಾಯಿ ಹಣಿಗೆ ಕೆಳಗಿಡುತ್ತಿದ್ದಳು. ಗಂಟಿಗೆ ಭಂಡಾರ ಹಚ್ಚಿ ಕೈಮುಗಿಯುತ್ತಿದ್ದರು. ಕೆಲವು ಮನೆಗಳಲ್ಲಿ ಆ ಹುಡುಗಿಯ ಮುಂದಿನ ಬದುಕೆಲ್ಲ ಆ ಒಂದು ಗಂಟಿನ ಸುತ್ತಲೇ ಸುತ್ತಿಕೊಳ್ಳುತ್ತಿತ್ತು.

ತಲೆಯಲ್ಲಿ ಹೇನಾಗಿದೆಯೇ, ಹೊಟ್ಟಾಗಿದೆಯೇ, ಹುಳುಕಡ್ಡಿಯೇ ಅಥವಾ ಬರೀ ಸಿಕ್ಕೇ ಎಂದು ಗುರುತಿಸುವುದು ಮೇಲುನೋಟಕ್ಕೆ ತೀರ ಸಣ್ಣ ಸಂಗತಿ. ಈ ಸೀಮೆಯ ಮಟ್ಟಿಗೆ ಅದು ಸಣ್ಣ ಸಂಗತಿಯಾಗಿ ಉಳಿಯಲಿಲ್ಲ. ಆದ್ದರಿಂದ ಈ ವಾರ ಆ ಗಂಟನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಗಂಟಿಗೆ ಬಂದ ಹೆಸರು

ಇಲ್ಲಿ ಜಡಿ ಎಂದರೆ ಹೂ ಮುಡಿಸಿ ಹೆಣೆದ ಹೆರಳಲ್ಲ. ಕೂದಲು ಒಂದಕ್ಕೊಂದು ಬಿಡಿಸಲಾಗದಂತೆ ಅಂಟಿಕೊಂಡು, ಹಗ್ಗದ ಹಾಗೆಯೋ ಮುದ್ದೆಯ ಹಾಗೆಯೋ ಗಟ್ಟಿಯಾದದ್ದು, ಗ್ರಂಥಭಾಷೆಯ ಜಟೆ. ಶಿವನ ತಲೆಯಲ್ಲಿ, ತಪಸ್ವಿಗಳ ತಲೆಯಲ್ಲಿ ನಾವು ಕಂಡು ಕೈಮುಗಿಯುತ್ತ ಬಂದದ್ದು ಇದನ್ನೇ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ನಡೆದುಕೊಳ್ಳುವ ಭಕ್ತರಲ್ಲಿ ಇದಕ್ಕೆ ಇನ್ನೂ ಒಂದು ಅರ್ಥ ಸೇರಿಕೊಂಡಿತು. ತಾನಾಗಿ ಜಡಿ ಬಂದರೆ ದೇವಿ ಆ ಮೈಯ ಮೇಲೆ ಬಂದಿದ್ದಾಳೆ, ತನ್ನ ಸೇವೆಗೆ ಕರೆಯುತ್ತಿದ್ದಾಳೆ ಎಂಬ ನಂಬಿಕೆ. ಅದನ್ನು ಬಾಚಬಾರದು, ಕತ್ತರಿಸಬಾರದು; ಭಂಡಾರ ಕುಂಕುಮ ಏರಿಸಿ ಪೂಜಿಸಬೇಕು. ಕತ್ತರಿಸಿದರೆ ರಕ್ತ ಬರುತ್ತದೆ, ಹುಚ್ಚು ಹಿಡಿಯುತ್ತದೆ, ಮನೆಯಲ್ಲಿ ಸಾವಾಗುತ್ತದೆ ಎಂಬ ಹೆದರಿಕೆಯೂ ಜೊತೆಗಿತ್ತು.

ಜಡಿ ಬಂದವರೆಲ್ಲ ದೇವದಾಸಿಯರಾದರು ಎಂದೇನೂ ಇಲ್ಲ. ದೇವದಾಸಿಯರಾದವರಿಗೆಲ್ಲ ಜಡಿ ಇತ್ತು ಎಂದೂ ಇಲ್ಲ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಮುಪ್ಪಿನ ಕಾಲಕ್ಕೆ ದುಡಿದುಹಾಕುವವರು ಬೇಕೆಂದು, ರೋಗ ವಾಸಿಯಾಗಲೆಂದು ಹೊತ್ತ ಹರಕೆಗೆ, ಮನೆತನದಲ್ಲಿ ನಡೆದು ಬಂದಿದೆ ಎಂಬ ಕಾರಣಕ್ಕೆ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿಸುತ್ತಿದ್ದರು. ಹೀಗೆ ದೇವರಿಗೆ ಬಿಟ್ಟವರಲ್ಲಿ ಬಹುಪಾಲು ದಲಿತರ ಮಕ್ಕಳು. ಈ ಕಾರಣಗಳ ಸಾಲಿನಲ್ಲಿ ಜಡಿಯೂ ಒಂದು. ಆದರೆ ಉಳಿದ ಕಾರಣಗಳಿಗೆ ಮನುಷ್ಯರು ಹೊಣೆ. ಜಡಿಗೆ ದೇವಿಯೇ ಹೊಣೆ. ಅದರ ಬಲ ಇರುವುದು ಅಲ್ಲಿಯೇ. ಏಳೆಂಟು ವರ್ಷದ ಹುಡುಗಿಯ ತಲೆಯಲ್ಲಿ ಗಂಟು ಬಿದ್ದರೆ, ತಾಯಿ ತಂದೆಗೆ ಮನಸ್ಸಿಲ್ಲದಿದ್ದರೂ ಇಲ್ಲವೆನ್ನುವುದು ಕಷ್ಟವಾಗುತ್ತಿತ್ತು.

ಮುತ್ತು ಕಟ್ಟಿಸಿಕೊಂಡ ಹುಡುಗಿಗೆ ಮದುವೆಯಿಲ್ಲ. ಮೈನೆರೆದ ಮೇಲೆ ಯಾರದೋ ಆಸರೆ. ಆಸರೆ ತಪ್ಪಿದರೆ ಹಡಲಗಿ ಹಿಡಿದು ಜೋಗ ಬೇಡುವುದು, ಇಲ್ಲವೇ ಸಾಂಗಲಿ, ಪುಣೆ, ಮುಂಬೈಗಳ ಸೂಳೆಗೇರಿಯ ದಾರಿ. ಆ ದಾರಿ ಹಿಡಿದ ಅನೇಕರು ಮುಂದೆ ಏಡ್ಸ್ ಹೊತ್ತು ಊರಿಗೆ ಮರಳಿದರು. ಗಂಟು ಬಿದ್ದ ದಿನ ಇದೊಂದೂ ಕಾಣಿಸುತ್ತಿರಲಿಲ್ಲ.

ಕೂದಲು ಗಂಟಾಗುವುದು ಹೇಗೆ?

ನೆತ್ತಿಯ ಚರ್ಮದಿಂದ ಹೊರಬಂದ ಕೂದಲಿಗೆ ಜೀವವಿಲ್ಲ. ಅದರಲ್ಲಿ ನರವಿಲ್ಲ, ರಕ್ತವಿಲ್ಲ. ಕ್ಷೌರದಂಗಡಿಯಲ್ಲಿ ಯಾರಿಗೂ ರಕ್ತ ಬಾರದಿರುವುದು ಇದೇ ಕಾರಣಕ್ಕೆ. ಜಡಿಯೂ ಅದೇ ಕೂದಲು. ಪ್ರತಿ ಎಳೆಯ ಹೊರಮೈಗೆ ಮನೆಯ ಮಾಡಿಗೆ ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಸಣ್ಣ ಪರೆಗಳಿರುತ್ತವೆ. ಆ ಪರೆಗಳು ಬುಡದಿಂದ ತುದಿಯ ಕಡೆಗೆ ಒರಗಿ ಮಲಗಿರುವ ತನಕ ಕೂದಲು ನುಣುಪಾಗಿರುತ್ತದೆ. ಬಿಸಿಲು, ಧೂಳು, ಖಾರವಾದ ಸಾಬೂನು, ತಿಕ್ಕಾಟಗಳಿಂದ ಪರೆ ಎದ್ದು ನಿಂತರೆ ಒಂದು ಎಳೆ ಮತ್ತೊಂದು ಎಳೆಗೆ ಸಿಕ್ಕಿಕೊಳ್ಳುತ್ತದೆ. ಮಲಗಿದಾಗ ಹಾಸಿಗೆಗೆ ಉಜ್ಜುವ ಹಿಂದಲೆಯಲ್ಲಿ ಇದು ಹೆಚ್ಚು. ದಿನವೂ ಬಾಚಿದರೆ ಸಿಕ್ಕು ಅಂದಂದೇ ಬಿಡುತ್ತದೆ. ಹತ್ತು ಹದಿನೈದು ದಿನ ಬಾಚದೆ ಬಿಟ್ಟರೆ ಬಿಗಿಯುತ್ತದೆ. ಅದರ ಮೇಲೆ ಎಣ್ಣೆ, ಬೆವರು, ಮಣ್ಣು ಸೇರಿದರೆ ಅಂಟು ಹಾಕಿದಂತಾಗುತ್ತದೆ. ಹೊತ್ತಿಗೆ ಸರಿಯಾಗಿ ಕತ್ತರಿಸದ ಕುರಿಯ ಮೈಮೇಲೆ ಉಣ್ಣೆ ಗಂಟುಗಂಟಾಗುವುದನ್ನು ನಮ್ಮ ಕುರುಬರು ಬಲ್ಲರು. ಅದನ್ನು ಕತ್ತರಿಸಲು ಅವರು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.

ಇಲ್ಲಿಗೆ ಹೇನು ಬಂದು ಸೇರಿದರೆ ಕೆಲಸ ಇನ್ನೂ ಬೇಗ ಆಗುತ್ತದೆ. ಹೇನು ಕಚ್ಚಿದರೆ ತುರಿಕೆ; ತುರಿಸಿದರೆ ಗಾಯ; ಗಾಯದಿಂದ ಕೀವು, ನೀರು ಒಸರಿ ಕೂದಲಿಗೆ ಅಂಟುತ್ತದೆ. ನೆತ್ತಿ ಹುಣ್ಣಾದ ಹುಡುಗಿ ಹಣಿಗೆ ಮುಟ್ಟಗೊಡುವುದಿಲ್ಲ. ಬಾಚದ ತಲೆಯಲ್ಲಿ ಹೇನಿಗೆ ಅಡ್ಡಿಯೂ ಇಲ್ಲ. ಹೀಗೆ ಒಂದಕ್ಕೊಂದು ಕೂಡಿ ಗಂಟು ಬೆಳೆಯುತ್ತದೆ. ಜಡಿಗೆ ಹೇನು ಕಾರಣವೂ ಆಗಬಹುದು, ಜಡಿ ಬಂದ ಮೇಲೆ ಹೇನು ಬಂದಿರಲೂಬಹುದು. ಒಂದೂ ಹೇನಿಲ್ಲದೆ ಬರೀ ಸಿಕ್ಕಿನಿಂದಲೇ ಜಡಿ ಕಟ್ಟಿರುವುದೂ ಉಂಟು. ದೀರ್ಘಕಾಲದ ಕಾಯಿಲೆಯಿಂದ ಹಾಸಿಗೆ ಹಿಡಿದವರಲ್ಲಿ, ಮನಸ್ಸಿನ ಕಾಯಿಲೆಯಿಂದ ಮೈಮೇಲಿನ ನಿಗಾ ತಪ್ಪಿದವರಲ್ಲಿ ಇದನ್ನು ಕಾಣುತ್ತೇವೆ. ಆದ್ದರಿಂದ ಜಡಿ ಕಂಡ ಕೂಡಲೇ ಹೇನು ಎನ್ನುವುದೂ ಅವಸರದ ಮಾತೇ. ಬಿಡಿಸಿ ನೋಡಬೇಕು.

ತಲೆ ನೋಡುವ ವಿದ್ಯೆ

ಹೇನು ಮನುಷ್ಯನ ಬಹಳ ಹಳೆಯ ಸಂಗಾತಿ. ಇಸ್ರೇಲಿನ ಲಾಕೀಶ್ ಎಂಬಲ್ಲಿ ಸಿಕ್ಕ, ಸುಮಾರು 3700 ವರ್ಷ ಹಳೆಯದೆನ್ನುವ ಆನೆದಂತದ ಪುಟ್ಟ ಹಣಿಗೆಯೊಂದರ ಮೇಲಿನ ಬರಹವನ್ನು 2022ರಲ್ಲಿ ವಿದ್ವಾಂಸರು ಓದಿ ಪ್ರಕಟಿಸಿದರು. ಕಾನಾನ್ ನಾಡಿನ ಅಕ್ಷರಮಾಲೆಯಲ್ಲಿ ಬರೆದ, ಈವರೆಗೆ ಸಿಕ್ಕ ಅತಿ ಹಳೆಯ ಪೂರ್ಣ ವಾಕ್ಯ ಅದು. ಅದರಲ್ಲಿ ಇರುವುದು ರಾಜನ ಬಿರುದಲ್ಲ, ದೇವರ ಸ್ತುತಿಯೂ ಅಲ್ಲ. ತಲೆಯ ಮತ್ತು ಗಡ್ಡದ ಹೇನನ್ನು ಈ ದಂತ ಕಿತ್ತುಹಾಕಲಿ ಎಂಬ ಹಾರೈಕೆ! ಹಣಿಗೆಯ ಹಲ್ಲಿನ ನಡುವೆ ಹೇನಿನ ಕುರುಹೂ ಸಿಕ್ಕಿತು.

ನಮ್ಮಲ್ಲೂ ಅಂಥ ಹಣಿಗೆಗೆ ಬೇರೆ ಹೆಸರೇ ಇದೆ. ಸೀರು ತೆಗೆಯುವ ಒತ್ತುಹಲ್ಲಿನ ಹಣಿಗೆಯೇ ಸೀರಣಿಗೆ. ಹುಳಕ್ಕೆ ಹೇನು, ಅದರ ತತ್ತಿಗೆ ಸೀರು, ಬಟ್ಟೆಯ ಹೊಲಿಗೆಯಲ್ಲಿ ಅಡಗುವ ಹೇನಿಗೆ ಕೂರೆ ಎಂದು ಬೇರೆ ಬೇರೆ ಹೆಸರಿಟ್ಟ ಭಾಷೆ ನಮ್ಮದು. ಮಧ್ಯಾಹ್ನದ ಹೊತ್ತು ಕಟ್ಟೆಯ ಮೇಲೆ ಒಬ್ಬರ ಹಿಂದೊಬ್ಬರು ಕೂತು "ತಲಿ ನೋಡುವ" ಹೆಂಗಸರಿಗೆ ಈ ವ್ಯತ್ಯಾಸವೆಲ್ಲ ಬೆರಳ ತುದಿಯಲ್ಲೇ ಗೊತ್ತಿತ್ತು. ಡಾಕ್ಟರರ ಪುಸ್ತಕ ಹೇಳುವುದೂ ಬಹುಮಟ್ಟಿಗೆ ಅದನ್ನೇ.

ಬೆಳೆದ ಹೇನು ಎಳ್ಳಿನ ಕಾಳಿನಷ್ಟು, ಎರಡು ಮೂರು ಮಿಲಿಮೀಟರು. ಆರು ಕಾಲು, ರೆಕ್ಕೆಯಿಲ್ಲ. ಹಾರಲಾರದು, ಜಿಗಿಯಲಾರದು, ತಲೆಗೆ ತಲೆ ತಾಗಿದಾಗ ಒಂದು ಕೂದಲಿನಿಂದ ಇನ್ನೊಂದಕ್ಕೆ ನಡೆದು ಹೋಗುತ್ತದೆ. ಒಂದೇ ಹಾಸಿಗೆಯಲ್ಲಿ ಮಲಗುವ ಅಕ್ಕತಂಗಿಯರಿಗೆ, ಒಂದೇ ಬೆಂಚಿನಲ್ಲಿ ಕೂರುವ ಗೆಳತಿಯರಿಗೆ ಹಬ್ಬುವುದು ಹೀಗೆ. ತಲೆಯಿಂದ ಬಿದ್ದರೆ ಒಂದೆರಡು ದಿನದಲ್ಲಿ ಸಾಯುತ್ತದೆ. ಹೆಣ್ಣು ಹೇನು ತಿಂಗಳೊಪ್ಪತ್ತು ಬದುಕಿ ದಿನಕ್ಕೆ ಏಳೆಂಟು ಸೀರು ಇಡುತ್ತದೆ. ಸೀರು ಒಡೆಯಲು ಏಳರಿಂದ ಹತ್ತು ದಿನ. ಮರಿ ಬೆಳೆದು ತಾನೂ ಸೀರಿಡಲು ಮತ್ತೆ ಅಷ್ಟೇ ದಿನ.

ಇನ್ನೊಂದು ಮಾತು. ಹೇನು ಕೊಳಕಿನ ಗುರುತಲ್ಲ. ತೊಳೆದ ತಲೆಗೂ ತೊಳೆಯದ ತಲೆಗೂ ಅದು ಸಮನಾಗಿ ಹತ್ತುತ್ತದೆ. ಶಾಲೆಯಲ್ಲಿ ಒಂದು ಹುಡುಗಿಯನ್ನು ಹಿಂದಿನ ಬೆಂಚಿಗೆ ಕಳಿಸುವುದರಿಂದ ಅವಳಿಗೆ ನಾಚಿಕೆಯಾಗುತ್ತದೆಯೇ ಹೊರತು ಹೇನಿಗೆ ಏನೂ ಆಗುವುದಿಲ್ಲ.

ಹೇನು ಬೆಳಕು ಕಂಡರೆ ಓಡುತ್ತದೆ. ಒಣಗಿದ ಕೂದಲಲ್ಲಿ ಕಣ್ಣಿಗೆ ಬೀಳುವುದು ಕಡಿಮೆ. ಆದ್ದರಿಂದ ತಲೆ ಒದ್ದೆ ಮಾಡಿ ಇಲ್ಲವೇ ಎಣ್ಣೆ ಹಚ್ಚಿ, ಬಿಸಿಲಿಗೆ ಕೂರಿಸಿ, ಬುಡದಿಂದ ತುದಿಯವರೆಗೆ ಸೀರಣಿಗೆ ಎಳೆದು, ಪ್ರತಿ ಸಲವೂ ಬಿಳಿ ಬಟ್ಟೆಗೆ ಒರೆಸಿ ನೋಡಬೇಕು. ಓಡಾಡುವ ಒಂದು ಹೇನು ಸಿಕ್ಕಿತೋ, ಅದೇ ಖಾತ್ರಿ. ಬರೀ ಸೀರು ಕಂಡರೆ ಎಲ್ಲಿದೆ ಎಂದು ನೋಡಬೇಕು. ಕಿವಿಯ ಹಿಂದೆ, ಹೆಡಕಿನ ಮೇಲೆ, ಚರ್ಮದಿಂದ ಅರ್ಧ ಸೆಂಟಿಮೀಟರಿನ ಆಸುಪಾಸಿನಲ್ಲಿ ಕಂದುಬಣ್ಣದ ಸೀರಿದ್ದರೆ ಜೀವ ಇರುವಂಥದ್ದು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು ಬೆಳೆಯುತ್ತದೆ. ಹಾಗಾಗಿ ಬುಡದಿಂದ ಎರಡು ಮೂರು ಸೆಂಟಿಮೀಟರು ದೂರದಲ್ಲಿ ಬೆಳ್ಳಗೆ ಹೊಳೆಯುವುದು ಎರಡು ಮೂರು ತಿಂಗಳ ಹಿಂದಿನ ಖಾಲಿ ಚಿಪ್ಪು. ಅದನ್ನು ಕಂಡು ಮತ್ತೆ ಮತ್ತೆ ಔಷಧಿ ಹಾಕಬೇಕಿಲ್ಲ.

ಹೇನಿನಂತೆ ಕಾಣುವ ಬೇರೆಯವು

ಕೂದಲಲ್ಲಿ ಬಿಳಿ ಚುಕ್ಕೆ ಕಂಡರೆ ಅದು ಸೀರೋ ಬೇರೆಯದೋ ಎಂದು ಹೇಳಲು ಎರಡು ಬೆರಳಿನ ಉಗುರು ಸಾಕು. ಚುಕ್ಕೆಯನ್ನು ಹಿಡಿದು ಎಳೆಯ ಉದ್ದಕ್ಕೆ ಸರಿಸಿ ನೋಡಿ. ಸೀರು ಕೂದಲಿನ ಒಂದು ಪಕ್ಕಕ್ಕೆ ಓರೆಯಾಗಿ ಸಿಮೆಂಟು ಹಾಕಿದಂತೆ ಕೂತಿರುತ್ತದೆ, ಸುಲಭಕ್ಕೆ ಜಾರುವುದಿಲ್ಲ. ತಲೆಹೊಟ್ಟು ಊದಿದರೆ ಹಾರುತ್ತದೆ, ಕೊಡವಿದರೆ ಹೆಗಲಮೇಲೆ ಉದುರುತ್ತದೆ. ಹೊಟ್ಟು ಹಳದಿಯಾಗಿ ಜಿಡ್ಡುಜಿಡ್ಡಾಗಿದ್ದು, ಹುಬ್ಬು ಮೂಗಿನ ಪಕ್ಕದಲ್ಲೂ ಕಂಡರೆ ಅದು ಚರ್ಮದ ಬೇರೊಂದು ಉರಿ. ಬೆಳ್ಳಿಯ ಹಾಗೆ ಹೊಳೆಯುವ ದಪ್ಪ ಪರೆಗಳು ಕೆಂಪು ಚರ್ಮದ ಮೇಲೆ ಎದ್ದು, ಮೊಣಕೈ ಮೊಣಕಾಲಿನಲ್ಲೂ ಇದ್ದರೆ ಸೋರಿಯಾಸಿಸ್ ಇರಬಹುದು. ಇವೆರಡೂ ಒಬ್ಬರಿಂದ ಒಬ್ಬರಿಗೆ ಹತ್ತುವಂಥವಲ್ಲ.

ಸೀರಿನ ವೇಷ ಹಾಕಿ ಹೆಚ್ಚು ಮೋಸ ಮಾಡುವುದು ಇನ್ನೊಂದಿದೆ. ಎರಡು ಹೆರಳು ಹಾಕಿ ರಿಬ್ಬನ್ ಬಿಗಿದ ಹುಡುಗಿಯರ ಕೂದಲಲ್ಲಿ ಬಿಳಿಯ ಸಣ್ಣ ಕೊಳವೆಗಳು ಕಾಣುತ್ತವೆ. ಕೂದಲ ಬುಡದಲ್ಲಿರುವ ಒಳಪೊರೆ ಬಿಗಿತಕ್ಕೆ ಸಿಕ್ಕಿ ಕಳಚಿ, ಎಳೆಯ ಸುತ್ತ ಉಂಗುರದಂತೆ ಕೂತಿದ್ದು ಅದು. ಉಗುರು ತಾಗಿಸಿದರೆ ದಾರದ ಮೇಲಿನ ಮಣಿಯ ಹಾಗೆ ಸರಾಗವಾಗಿ ಜಾರುತ್ತದೆ. ಇದಕ್ಕೆ ಹೇನಿನ ಔಷಧಿ ಎಷ್ಟು ಸುರಿದರೂ ವ್ಯರ್ಥ. ಹೆರಳು ಸಡಿಲ ಮಾಡಿದರೆ ಸಾಕಾದೀತು.

ಎರೆದುಕೊಂಡ ಕೂದಲನ್ನು ಒದ್ದೆಯಾಗಿಯೇ ಗಂಟು ಹಾಕಿ ಸೆರಗು ಹೊದೆಯುವ ಹೆಂಗಸರಲ್ಲಿ ಪೀಡ್ರಾ ಎಂಬ ಬೂಷ್ಟಿನ ರೋಗ ಕಂಡುಬರುವುದುಂಟು. ಎಳೆಯ ಮೇಲೆ ಮೆತ್ತನೆಯ ಬಿಳಿ ಗುಳ್ಳೆಗಳು, ಬೆರಳಾಡಿಸಿದರೆ ಮರಳು ಸಿಕ್ಕಂತೆ ತರಿತರಿ. ಬಿಸಿಗೆ, ಖಾರದ ಸಾಬೂನಿಗೆ ನಲುಗಿದ ಕೂದಲಿನಲ್ಲೂ ಅಲ್ಲಲ್ಲಿ ಬಿಳಿ ಗಿಣ್ಣು ಏಳುತ್ತದೆ. ಅದು ಎಳೆ ಸೀಳಿದ ಜಾಗ, ಎಳೆದರೆ ಅಲ್ಲಿಯೇ ಮುರಿಯುತ್ತದೆ.

ಇವೆಲ್ಲಕ್ಕಿಂತ ಎಚ್ಚರದಿಂದ ನೋಡಬೇಕಾದದ್ದು ತಲೆಯ ಹುಳುಕಡ್ಡಿ. ಮಕ್ಕಳಲ್ಲೇ ಹೆಚ್ಚು. ದುಂಡಗೆ ಕೂದಲುದುರಿದ ಜಾಗ, ಮೇಲೆ ಪರೆ, ಕೂದಲು ಬುಡದಲ್ಲೇ ಮುರಿದು ಕರಿ ಚುಕ್ಕೆಗಳಾಗಿ ನಿಂತಿರುವುದು ಇದರ ಗುರುತು. ಕೆಲವು ಮಕ್ಕಳಲ್ಲಿ ಅದು ಮೆತ್ತಗೆ ಉಬ್ಬಿ ಕೀವು ತುಂಬುತ್ತದೆ. ಇದು ಬೂಷ್ಟಿನ ಸೋಂಕು. ಕೂದಲಿನ ಬೇರಿಗೇ ಇಳಿದಿರುವುದರಿಂದ ಮೇಲೆ ಹಚ್ಚುವ ಮುಲಾಮಿಗೆ ಬಗ್ಗುವುದಿಲ್ಲ. ವೈದ್ಯರು ಕೊಟ್ಟ ಗುಳಿಗೆಯನ್ನು ವಾರಗಟ್ಟಲೆ ನುಂಗಬೇಕು. ತಡಮಾಡಿದರೆ ಆ ಜಾಗದಲ್ಲಿ ಮತ್ತೆ ಕೂದಲು ಬರದಿರಬಹುದು. ಇದಕ್ಕೆ ತಿರುಗಾದದ್ದು, ಜನ "ಹುಳ ತಿಂದೈತಿ" ಎನ್ನುವ ಬೋಳು ಚಕ್ಕೆ. ಪರೆಯಿಲ್ಲ, ನೋವಿಲ್ಲ, ಚರ್ಮ ನುಣ್ಣಗೆ. ಅಲ್ಲಿ ಯಾವ ಹುಳವೂ ಇರುವುದಿಲ್ಲ. ಮೈಯ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ ಕೂದಲ ಬೇರಿನ ಮೇಲೆ ಬಿದ್ದಿರುತ್ತದೆ.

ಇಷ್ಟೆಲ್ಲ ಭೇದ ತಿಳಿಯುವುದು ಕಣ್ಣು, ಬೆರಳು, ಹಣಿಗೆ ತಲೆಯ ಮೇಲೆ ಆಡಿದಾಗ. ಜಡಿಯ ವಿಷಯದಲ್ಲಿ ನಡೆದ ಅನ್ಯಾಯ ಇರುವುದು ಇಲ್ಲಿಯೇ. ಗಂಟಿಗೆ ದೇವಿಯ ಹೆಸರು ಬಿದ್ದ ಗಳಿಗೆಯಿಂದ ತಲೆ ನೋಡುವುದೇ ನಿಂತುಹೋಯಿತು. ತಲೆಮಾರುಗಳಿಂದ ಮನೆಯಲ್ಲೇ ಇದ್ದ ವಿದ್ಯೆ ಆ ಒಂದು ತಲೆಗೆ ಮಾತ್ರ ಇಲ್ಲದಂತಾಯಿತು. ಹೇನಿದ್ದರೂ ತೆಗೆಯುವಂತಿಲ್ಲ, ಹುಣ್ಣಾದರೂ ತೊಳೆಯುವಂತಿಲ್ಲ. ಬಾಚದ ಕೂದಲು ಇನ್ನಷ್ಟು ಸಿಕ್ಕಾಗಿ, ದಿನಕ್ಕೆ ದಿನಕ್ಕೆ ಜಡಿ ಉದ್ದವಾಗಿ, ಅದೇ ದೇವಿಯ ಮಹಿಮೆಗೆ ಸಾಕ್ಷಿಯಾಯಿತು. ವರ್ಷಗಟ್ಟಲೆ ಅದನ್ನು ಹೊತ್ತವರಿಗೆ ಕತ್ತಿನ ನೋವು, ವಾಸನೆ, ಮಳೆಗಾಲದಲ್ಲಿ ಒಣಗದ ತೇವ, ನಿದ್ದೆಗೆಡಿಸುವ ತುರಿಕೆ ಉಳಿದವು.

ಪೋಲೆಂಡಿನ ಜಡಿ

ಇದು ನಮ್ಮ ನಾಡಿಗೆ ಮಾತ್ರ ಬಂದ ಭ್ರಮೆಯೇ? ಅಲ್ಲ. ಯುರೋಪಿನ ಪೋಲೆಂಡಿನಲ್ಲಿ ಕೆಲವು ಶತಮಾನಗಳ ಕಾಲ ಇದೇ ಜಡಿ ಜನರನ್ನು ಆಳಿತ್ತು. ಅಲ್ಲಿ ಅದರ ಹೆಸರು ಕೋಲ್ತುನ್. ವೈದ್ಯರ ಗ್ರಂಥಗಳಲ್ಲಿ ಜಡಿಗೆ ಇಂದಿಗೂ ಪ್ಲೈಕಾ ಪೊಲೋನಿಕಾ, ಅಂದರೆ ಪೋಲೆಂಡಿನ ಜಡೆ ಎಂಬ ಹೆಸರಿದೆ. ಮೈಯೊಳಗಿನ ಕೆಟ್ಟ ರೋಗ ಕೂದಲಿನ ಮೂಲಕ ಹೊರಬರುತ್ತಿದೆ; ಕತ್ತರಿಸಿದರೆ ರೋಗ ಒಳಗೆ ತಿರುಗಿ ಕಣ್ಣು ಹೋಗುತ್ತದೆ, ಹುಚ್ಚು ಹಿಡಿಯುತ್ತದೆ ಎಂದು ಅಲ್ಲಿಯ ರೈತರು ನಂಬಿದ್ದರು. ದೇವರು ಬೇರೆ, ಭಾಷೆ ಬೇರೆ. ಹೆದರಿಕೆ ಮಾತ್ರ ಒಂದೇ.

19ನೆಯ ಶತಮಾನದ ನಡುವಿನಲ್ಲಿ ಕ್ರಾಕೋವ್ ವಿಶ್ವವಿದ್ಯಾಲಯದ ವೈದ್ಯ ಪ್ರಾಧ್ಯಾಪಕ ಯೂಜೆಫ್ ದಿಯೆತ್ಲ್ ಎಂಬವರು ಇದರ ಬೆನ್ನು ಹತ್ತಿದರು. ಇದು ರೋಗವೇ ಅಲ್ಲ, ಬಾಚದೆ ತೊಳೆಯದೆ ಬಿಟ್ಟ ಕೂದಲು ಎಂದು ತೋರಿಸಿದರು. ಜಡಿ ಇದ್ದವರ ಗಣತಿಗೂ ಏರ್ಪಾಡು ಮಾಡಿಸಿದರು. ಗಣತಿ ನಡೆಯುತ್ತಿದ್ದಂತೆ ಸರ್ಕಾರ ಜಡಿಗೆ ತೆರಿಗೆ ಹಾಕುತ್ತದಂತೆ ಎಂಬ ವದಂತಿ ಹಬ್ಬಿತಂತೆ; ಉಪದೇಶಕ್ಕೆ ಬಗ್ಗದ ಎಷ್ಟೋ ಜಡಿಗಳು ಆ ವದಂತಿಗೆ ಉದುರಿದವು ಎಂದು ಹೇಳುತ್ತಾರೆ. ಒಂದೂವರೆ ಮೀಟರ್ ಉದ್ದದ ಜಡಿಯೊಂದನ್ನು ಕ್ರಾಕೋವಿನ ವೈದ್ಯಕೀಯ ಸಂಗ್ರಹಾಲಯದಲ್ಲಿ ಕಾದಿಟ್ಟಿದ್ದಾರೆ. ಪೋಲಿಷ್ ಭಾಷೆಯಲ್ಲಿ ಕೋಲ್ತುನ್ ಎಂಬ ಮಾತಿಗೆ ಇಂದು ಸಂಕುಚಿತ ಬುದ್ಧಿಯವನು ಎಂಬ ಅರ್ಥವೂ ಇದೆ.

ಕಾಯ್ದೆ, ಕತ್ತರಿ ಮತ್ತು ಅನ್ನ

ನಮ್ಮಲ್ಲಿ ತೆರಿಗೆಯ ವದಂತಿಯಷ್ಟು ಸುಲಭದಲ್ಲಿ ಕೆಲಸವಾಗಲಿಲ್ಲ. ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತದಲ್ಲಿದ್ದ ಕಾಲಕ್ಕೇ, 1934ರಲ್ಲಿ, ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ತಡೆಯುವ ಕಾನೂನು ಬಂದಿತ್ತು. ಕಾನೂನು ಕಾಗದದಲ್ಲಿ ಉಳಿಯಿತು, ಮುತ್ತು ಕಟ್ಟುವುದು ಗುಡ್ಡದಲ್ಲಿ ನಡೆಯಿತು. ಕರ್ನಾಟಕ ಸರ್ಕಾರ 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯನ್ನು ರೂಪಿಸಿತು. ಅದು ಜಾರಿಗೆ ಬಂದದ್ದು 1984ರಲ್ಲಿ. ಮಗಳನ್ನು ಬಿಟ್ಟ ತಾಯಿ ತಂದೆಗೆ ಇತರರಿಗಿಂತ ಹೆಚ್ಚಿನ ಶಿಕ್ಷೆಯನ್ನು ಅದು ಹೇಳಿತ್ತು. ಕಾಯ್ದೆ ಬಂದು ಹತ್ತು ವರ್ಷದ ಮೇಲೆ, 1993-94ರಲ್ಲಿ ಸರ್ಕಾರವೇ ಮಾಡಿಸಿದ ಸಮೀಕ್ಷೆಯಲ್ಲಿ ರಾಜ್ಯದಲ್ಲಿ 22,873 ದೇವದಾಸಿಯರಿದ್ದಾರೆಂದು ಲೆಕ್ಕ ಸಿಕ್ಕಿತು. 2007-08ರ ಎರಡನೆಯ ಸಮೀಕ್ಷೆಯನ್ನೂ ಕೂಡಿದಾಗ ಸಂಖ್ಯೆ 46,660 ಆಯಿತು.

ಊರೂರಿಗೆ ಹೋಗಿ ಮಾಡಬೇಕಾದ ಕೆಲಸ 1990ರ ದಶಕದಲ್ಲಿ ಗೋಕಾಕ ತಾಲ್ಲೂಕಿನ ಘಟಪ್ರಭಾದಿಂದ ನಡೆಯಿತು. ಮೈರಾಡ ಸಂಸ್ಥೆ ಮತ್ತು ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ ಸೇರಿ ನಡೆಸಿದ ಪುನರ್ವಸತಿ ಯೋಜನೆಯಿಂದ 1997ರಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಜನರ ಬಾಯಲ್ಲಿ ಮಾಸ್, ಹುಟ್ಟಿತು. ಇದನ್ನು ಕಟ್ಟಿದವರು ಮಾಜಿ ದೇವದಾಸಿಯರೇ. ಅವರಲ್ಲೊಬ್ಬರು ಸೀತವ್ವ ಜೋಡಟ್ಟಿ. ಎಳೆಯ ವಯಸ್ಸಿನಲ್ಲೇ ದೇವರಿಗೆ ಬಿಟ್ಟ ಹುಡುಗಿ ಮುಂದೆ ಈ ಸಂಸ್ಥೆಯ ಹೊಣೆ ಹೊತ್ತು, 2018ರಲ್ಲಿ ಪದ್ಮಶ್ರೀ ಪಡೆದರು.

ಈ ಹೆಂಗಸರ ಮಾತಿಗೆ ಸರ್ಕಾರಿ ನೋಟೀಸಿಗಿಲ್ಲದ ತೂಕವಿತ್ತು. ಮುತ್ತು ಕಟ್ಟಿಸಿಕೊಂಡವಳೇ ಬಂದು "ನನಗಾದದ್ದು ನಿನ್ನ ಮಗಳಿಗೆ ಬೇಡ" ಎಂದರೆ ತಾಯಿ ಕೇಳುತ್ತಾಳೆ. ಗಡಿಯಾಚೆ ಮಹಾರಾಷ್ಟ್ರದಲ್ಲಿಯೂ ಇದೇ ಕೆಲಸ ನಡೆದಿತ್ತು. ಅಲ್ಲಿಯ ಅಂಧಶ್ರದ್ಧಾ ನಿರ್ಮೂಲನ ಸಮಿತಿ ಜಡಿ ತೆಗೆಸುವುದನ್ನು ತನ್ನ ಕಾರ್ಯಕ್ರಮವಾಗಿಯೇ ಮಾಡಿಕೊಂಡಿತು. 1989ರಲ್ಲಿ ಸಮಿತಿಯನ್ನು ಸ್ಥಾಪಿಸಿದ ಡಾ. ನರೇಂದ್ರ ದಾಭೋಲ್ಕರರು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಗೆ ಬಲಿಯಾದ ಮೇಲೂ ಕಾರ್ಯಕರ್ತರು ಅದನ್ನು ಬಿಡಲಿಲ್ಲ.

ಆದರೆ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಹುಡುಗಿಯ ತಲೆಯ ಅಡಿಕೆಯಷ್ಟು ಗಂಟನ್ನು ಬಿಡಿಸುವುದು ಬೇರೆ, ನಲವತ್ತು ವರ್ಷ ಜಡಿ ಹೊತ್ತ ಮುದುಕಿಯ ತಲೆಗೆ ಕತ್ತರಿ ಹಿಡಿಯುವುದು ಬೇರೆ. ಆಕೆಗೆ ಊರಿನಲ್ಲಿ ಇರುವ ಅಷ್ಟಿಷ್ಟು ಮರ್ಯಾದೆ ಆ ಜಡಿಯಿಂದ. ಮನೆಮನೆಯಲ್ಲಿ ಹಡಲಗಿಗೆ ಬೀಳುವ ಜೋಳ ಆ ಜಡಿಯಿಂದ. ಅದರ ಒಳಗೆ ಹೇನಿದೆ ಎಂದು ವಾದಿಸಿ ಗೆದ್ದರೂ, ಕತ್ತರಿಸಿದ ಮರುದಿನ ಅವಳ ಅನ್ನಕ್ಕೆ ದಾರಿ ಏನು ಎಂಬ ಪ್ರಶ್ನೆ ಉಳಿಯುತ್ತದೆ. ಅಮೆರಿಕದ ಮಾನವಶಾಸ್ತ್ರಜ್ಞೆ ಲುಸಿಂಡಾ ರಾಂಬರ್ಗ್ 2014ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸುಧಾರಕರು ಕೊಳಕೆಂದು ಕತ್ತರಿಸುವ ಈ ಜಡಿ ಹೊತ್ತವರ ಪಾಲಿಗೆ ದೇವಿಯ ಮೈಯೇ ಆಗಿರುವುದನ್ನು ವಿವರಿಸಿದ್ದಾರೆ. ಒಲ್ಲದವಳನ್ನು ಹಿಡಿದು ಕತ್ತರಿಸುವುದೂ ಅವಳ ಮೈಯ ಮೇಲಿನ ಇನ್ನೊಂದು ಬಲಾತ್ಕಾರವೇ. ಸಾಲ, ಎಮ್ಮೆ, ಮನೆ, ಪಿಂಚಣಿ, ಮಕ್ಕಳ ಶಾಲೆ ಇವೆಲ್ಲ ಜೊತೆಗೆ ಬಂದ ಕಡೆಗಳಲ್ಲಿ ಕತ್ತರಿಗೆ ತಲೆ ಕೊಡುವುದು ಸುಲಭವಾಯಿತು.

ಮನೆಯಲ್ಲಿ ಮಾಡಬೇಕಾದದ್ದು

ಗಂಟು ಚಿಕ್ಕದಿದ್ದಾಗ ಕೊಬ್ಬರಿ ಎಣ್ಣೆ ಹಚ್ಚಿ ರಾತ್ರಿಯಿಡೀ ನೆನೆಸಿ, ತುದಿಯಿಂದ ಬುಡದ ಕಡೆಗೆ ಬೆರಳಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಡಿಸಬೇಕು. ಗಟ್ಟಿ ಮುದ್ದೆಯಾಗಿದ್ದರೆ ಕತ್ತರಿಸುವುದೊಂದೇ ದಾರಿ. ಕೆಳಗೆ ಹುಣ್ಣು, ಕೀವು ಇದ್ದರೆ ವೈದ್ಯರಿಗೆ ತೋರಿಸಬೇಕು. ಕತ್ತಿನ ಹಿಂದೆ ಗಂಟಲಗಡ್ಡೆಯಂತೆ ಊದಿದ್ದರೆ ಅದು ನೆತ್ತಿಯ ಹುಣ್ಣಿನಿಂದ ಬಂದಿರಬಹುದು.

ಹೇನಿದ್ದರೆ ಔಷಧಿ ಅಂಗಡಿಯಲ್ಲಿ ಸಿಗುವ ಶೇಕಡಾ 1ರ ಪರ್ಮೆಥ್ರಿನ್ ಲೋಷನ್ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ಅದು ಎಲ್ಲ ಸೀರನ್ನೂ ಕೊಲ್ಲುವುದಿಲ್ಲ. ಆದ್ದರಿಂದ ಒಂಬತ್ತು ಹತ್ತು ದಿನದ ಮೇಲೆ, ಒಡೆದ ಮರಿ ಬೆಳೆದು ಸೀರಿಡುವ ಮುಂಚೆ, ಇನ್ನೊಮ್ಮೆ ಹಚ್ಚಬೇಕು. ಬಹಳ ಜನ ತಪ್ಪುವುದು ಈ ಎರಡನೆಯ ಸಲವನ್ನೇ. ಔಷಧಿ ಬೇಡವೆನ್ನುವವರು ಮೂರು ನಾಲ್ಕು ದಿನಕ್ಕೊಮ್ಮೆ ಒದ್ದೆ ತಲೆಗೆ ಸೀರಣಿಗೆ ಹಾಕುತ್ತ ಎರಡು ಮೂರು ವಾರ ಬಿಡದೆ ಮಾಡಬೇಕು. ಮನೆಯವರ ತಲೆಯನ್ನೆಲ್ಲ ಅದೇ ದಿನ ನೋಡಬೇಕು. ಇಲ್ಲದಿದ್ದರೆ ತಂಗಿಯ ತಲೆಯಿಂದ ಅಕ್ಕನ ತಲೆಗೆ ಮತ್ತೆ ಬಂತು. ಸೀಮೆಎಣ್ಣೆ, ಹೊಲಕ್ಕೆ ಹೊಡೆಯುವ ಎಣ್ಣೆ ಇವನ್ನು ಮಾತ್ರ ತಲೆಗೆ ಹಚ್ಚಲೇಬಾರದು. ಒಂದು ಚರ್ಮ ಸುಡುತ್ತದೆ, ಬೆಂಕಿ ಹತ್ತುತ್ತದೆ. ಇನ್ನೊಂದು ನೆತ್ತಿಯಿಂದಲೇ ಮೈಗಿಳಿದು ಜೀವ ತೆಗೆಯಬಲ್ಲದು.

ಯಲ್ಲಮ್ಮನ ಮೇಲಿನ ಭಕ್ತಿಗೆ ಇದರಿಂದ ಯಾವ ಕೊರತೆಯೂ ಇಲ್ಲ. ಭಾರತ ಹುಣ್ಣಿಮೆಗೆ ಗುಡ್ಡ ಹತ್ತುವವರು ಲಕ್ಷಗಟ್ಟಲೆ. ಅವರಲ್ಲಿ ಬಹುತೇಕರು ಬಾಚಿದ ತಲೆಯಲ್ಲೇ ಉಧೋ ಎನ್ನುತ್ತಾರೆ, ಬಾಚಿದ ತಲೆಯಲ್ಲೇ ಊರಿಗೆ ಮರಳುತ್ತಾರೆ.

ಕಟ್ಟೆಯ ಮೇಲೆ ಮಗಳ ತಲೆ ಹಿಡಿದು ಕೂತ ತಾಯಿಗೆ ಹೇಳುವುದು ಇಷ್ಟೇ. ಹಣಿಗೆ ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿಯೇ ಕೂದಲು ಸರಿಸಿ, ಬಿಸಿಲಿಗೆ ತಿರುಗಿಸಿ ನೋಡು. ಓಡುವ ಹೇನಿದೆಯೋ, ಜಾರುವ ಪೊರೆಯಿದೆಯೋ, ಉದುರುವ ಹೊಟ್ಟಿದೆಯೋ, ಮುರಿದ ಕೂದಲಿದೆಯೋ ನಿನ್ನ ಬೆರಳೇ ಹೇಳುತ್ತದೆ. ಅದು ಹೇಳುವ ತನಕ ಆ ಗಂಟಿಗೆ ಯಾರೂ ಹೆಸರಿಡದಿರಲಿ.